ಎಂಟು ತಿಂಗಳು ತಲುಪದ ಫೈಲು

ನಮ್ಮವರ ಹೆಸರು ನೀಲಕಂಠಪ್ಪ. ವಯಸ್ಸು ಅರವತ್ತೇಳು. ಧಾರವಾಡದಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ವಡಾಲದ ನಮ್ಮ ಕಾಲೊನಿಯಲ್ಲಿ ಯಾರನ್ನು ಕೇಳಿದರೂ ‘ಬಹಳ ಶಾಂತ ಮನುಷ್ಯ’ ಎನ್ನುತ್ತಾರೆ. ಹಾಗೆನ್ನುವವರು ಒಂದು ವಾರ ಅವರ ಜೊತೆ ನನ್ನ ಮನೆಯಲ್ಲಿ ಇದ್ದು ನೋಡಲಿ, ಆಮೇಲೆ ಮಾತಾಡೋಣ.

ನಮ್ಮ ಮಲಗುವ ಕೋಣೆಯಲ್ಲಿ ನನ್ನ ಕಪಾಟು ಇರಬೇಕಾದ ಜಾಗದಲ್ಲಿ ಒಂದು ಕಂಪ್ಯೂಟರ್ ಕೂತಿದೆ. ಇಪ್ಪತ್ತನಾಲ್ಕು ತಾಸೂ ಗೊರ್ರೆನ್ನುತ್ತದೆ. ಅದಕ್ಕೆ ಇವರು ‘ಬೋರ್ಡು’ ಎನ್ನುತ್ತಾರೆ. ಇಂಟರ್‌ನೆಟ್ಟು ಮನೆಮನೆಗೆ ಬರುವ ಮೊದಲು, ಕಂಪ್ಯೂಟರ್ ಹುಚ್ಚಿನವರು ಫೋನ್ ಲೈನಿನ ಮೂಲಕ ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಹೋಗಿ, ಅಲ್ಲಿ ಬರೆದದ್ದನ್ನು ಓದಿ, ಫೈಲು ಎತ್ತಿಕೊಂಡು ಬರುತ್ತಿದ್ದರಂತೆ. ವಾಚನಾಲಯದ ಬಾಗಿಲಲ್ಲಿ ನೋಟಿಸು ಅಂಟಿಸುವ ಹಲಗೆ ಇರುತ್ತದಲ್ಲ, ಹಾಗೆ. ನಮ್ಮವರೂ ಅದೇ ವಿಮಾ ಕಚೇರಿಯಲ್ಲಿದ್ದ ಮುಲುಂಡಿನ ಶಶಿಕಾಂತ ಅವರೂ ಸೇರಿ ತೊಂಬತ್ತನಾಲ್ಕರಲ್ಲಿ ಇದನ್ನು ಶುರು ಮಾಡಿದರು. ಆಗ ಇದ್ದದ್ದು ಒಂದೇ ಫೋನು. ಧಾರವಾಡದಿಂದ ನನ್ನ ಅವ್ವ ಫೋನು ಮಾಡಿದರೆ ಯಾವಾಗಲೂ ಎಂಗೇಜು. ಮಗಳು ಮುಂಬಯಿಗೆ ಹೋಗಿ ಬಾಯಿಬಡುಕಿ ಆಗಿದ್ದಾಳೆ ಎಂದು ಆಕೆ ಊರಿಗೆಲ್ಲ ಹೇಳಿದಳು.

ಈಗ ಜಗತ್ತೆಲ್ಲ ವಾಟ್ಸಪ್ಪಿನಲ್ಲಿದೆ. ಇವರ ಬೋರ್ಡು ಮಾತ್ರ ಹಾಗೇ ಇದೆ. ಫೋನ್ ಲೈನು ಹೋಗಿ ಇಂಟರ್‌ನೆಟ್ಟು ಬಂತು, ಅಷ್ಟೇ. ಕಲ್ಯಾಣ, ಮುಲುಂಡ್, ಪುಣೆ, ಬೆಳಗಾವಿ, ಹುಬ್ಬಳ್ಳಿ ಎಂದು ಒಟ್ಟು ಒಂಬತ್ತು ಜನರ ಒಂಬತ್ತು ಬೋರ್ಡುಗಳು. ಹಳೆಯ ಪ್ರೋಗ್ರಾಮು, ಯಾರೋ ಕುಳಿತು ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ, ಕನ್ನಡ ಸಂಘದ ಕಾರ್ಯಕ್ರಮದ ರೆಕಾರ್ಡಿಂಗು, ಎಲ್ಲ ಮೊದಲು ನಮ್ಮ ಮಲಗುವ ಕೋಣೆಗೆ ಬರಬೇಕು, ಇಲ್ಲಿಂದ ಉಳಿದ ಎಂಟು ಕಡೆಗೆ ಹಂಚಿಕೆಯಾಗಬೇಕು. ‘ಇದನ್ನ ವಾಟ್ಸಪ್ ಗ್ರೂಪಿನಾಗ ಒಗೀಬಾರದೇನ್ರಿ?’ ಎಂದು ಒಮ್ಮೆ ಕೇಳಿದ್ದೆ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದವಳನ್ನು ನೋಡುವ ಹಾಗೆ ನೋಡಿದರು.

ಹಂಚಿಕೆಗೆ ಒಂದು ಪದ್ಧತಿಯಿದೆ. ಕೇಳದೇ ಇದ್ದರೂ ನನಗೆ ನೂರು ಸಲ ಹೇಳಿದ್ದಾರೆ, ಆದ್ದರಿಂದ ನಿಮಗೂ ಹೇಳುತ್ತೇನೆ. ಪ್ರತಿ ಫೈಲಿನ ಜೊತೆ ಒಂದು ಚೀಟಿ ಹೋಗುತ್ತದೆ. ಫೈಲಿನ ಹೆಸರು, ಕಳಿಸಿದವರು ಯಾರು, ಇದುವರೆಗೆ ಯಾರು ಯಾರಿಗೆ ಮುಟ್ಟಿದೆ, ಎಲ್ಲ ಅದರಲ್ಲಿರುತ್ತದೆ. ಒಬ್ಬನಿಗೇ ಎರಡು ಸಲ ಹೋಗಬಾರದೆಂದು ಯಂತ್ರ ಆ ಚೀಟಿ ನೋಡುತ್ತದೆ. ಅದರಲ್ಲಿ ‘ಮುಟ್ಟಿದೆ’ ಎಂಬ ಕಡೆ ಹೆಸರಿದ್ದವನಿಗೆ ಫೈಲು ಕೊಡುವುದೇ ಇಲ್ಲ.

ಕಳೆದ ವರ್ಷ ಮಾಟುಂಗದಲ್ಲಿ ಜಗಳವಾಯಿತು. ತಿಂಗಳ ಮೊದಲ ಭಾನುವಾರ ಮುಂಬಯಿ ಕಡೆಯ ನಾಲ್ಕೈದು ಜನ ಅಲ್ಲಿಯ ಉಡುಪಿ ಹೋಟೆಲಿನಲ್ಲಿ ಸೇರುವ ರೂಢಿ. ಎಲ್ಲ ಫೈಲುಗಳ ಯಾದಿ ಬರೆಯುವ ಕೆಲಸ ಶಶಿಕಾಂತ ಅವರದು. ಆ ತಿಂಗಳು ಯಾದಿಯಲ್ಲಿ ಸಾಲು ಸಾಲು ತಪ್ಪು. ಅಕ್ಷರ ಬಿಟ್ಟಿದೆ, ಒಂದರ ಹೆಸರು ಇನ್ನೊಂದಕ್ಕೆ ಹೋಗಿದೆ. ನಮ್ಮವರು ಇಡ್ಲಿ ಬಿಟ್ಟು, ಕಾಗದ ಮೇಜಿನ ಮೇಲೆ ಕುಟ್ಟಿ, ‘ಏನಲೇ ಶಶ್ಯಾ, ಕಣ್ಣು ಕಾಣೂದಿಲ್ಲೇನು ನಿನಗ? ಕುರುಡಾದ್ರ ಹೇಳಿಬಿಡು, ಬ್ಯಾರೇದವ್ರಿಗೆ ಕೊಡ್ತೀನಿ’ ಎಂದರಂತೆ. ಶಶಿಕಾಂತ ಕಾಫಿ ಹಾಗೇ ಬಿಟ್ಟು ಎದ್ದು ಹೋದರು.

ಮೂರು ವಾರದ ಮೇಲೆ ಹಳೆಯ ಸಹೋದ್ಯೋಗಿ ಸದಾನಂದ ಸಿಕ್ಕಾಗ ಸಂಗತಿ ತಿಳಿಯಿತು. ಶಶಿಕಾಂತ ಅವರಿಗೆ ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣೂ ಹೋಗುತ್ತಿದೆ. ಗೆಳೆಯರು ಮರುಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಆ ದಿನ ಇವರು ಊಟ ಮಾಡಲಿಲ್ಲ. ‘ಈಗಿಂದೀಗ ಮುಲುಂಡಿಗೆ ಹೋಗೂಣು ನಡೀರಿ’ ಎಂದೆ. ‘ಯಾವ ಮಾರಿ ತಗೊಂಡು ಹೋಗ್ಲಿ?’ ಎಂದರು. ಫೋನಾದರೂ ಮಾಡಿ ಎಂದೆ. ಅದೂ ಇಲ್ಲ. ಎರಡು ದಿನ ಕಂಪ್ಯೂಟರಿನ ಮುಂದೆ ಕೂತರು. ಆಮೇಲೆ ಬಂದು, ಕ್ಷಮೆ ಕೇಳಿ ಪತ್ರ ಬರೆದು ಫೈಲು ಮಾಡಿ ಬೋರ್ಡಿನ ಮೇಲೆ ಎಲ್ಲರಿಗೂ ಹಂಚಿದೆ ಎಂದರು. ನಾನು ಹಣೆ ಹಣೆ ಬಡಿದುಕೊಂಡೆ.

‘ಎಲ್ಲಾರಿಗೂ ಯಾಕ್ರಿ?’

‘ನಾಲ್ಕು ಮಂದಿ ಮುಂದ ಅಂದೀನಿ. ನಾಲ್ಕು ಮಂದಿ ಮುಂದನ ಒಪ್ಪಿಕೋಬೇಕು.’

ಈ ಮಾತಿಗೆ ಮಾತ್ರ ನಾನು ಎದುರಾಡಲಿಲ್ಲ. ನ್ಯಾಯವಾದ ಮಾತು.

ಆದರೆ ಉತ್ತರ ಬರಲಿಲ್ಲ. ಒಂದು ವಾರ, ಒಂದು ತಿಂಗಳು. ಶಶಿಕಾಂತ ಇರಲಿ, ಉಳಿದ ಏಳು ಜನರಲ್ಲಿ ಒಬ್ಬನೂ ಆ ಪತ್ರದ ಸುದ್ದಿ ಎತ್ತಲಿಲ್ಲ. ಮಾಟುಂಗದ ಭಾನುವಾರಗಳು ತಾವಾಗಿ ನಿಂತವು. ಇವರು ವಾರಕ್ಕೆರಡು ಫೈಲು ಕಳಿಸುತ್ತಲೇ ಇದ್ದರು, ಆ ಕಡೆಯಿಂದ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ನಾನು ಎರಡು ಸಲ ಮುಲುಂಡಿಗೆ ಫೋನು ಮಾಡಿದೆ. ಎರಡು ಸಲವೂ ಮಗಳು ಸ್ನೇಹಲ್ ಎತ್ತಿ, ಪಪ್ಪಾ ಮಲಗಿದ್ದಾರೆ ಎಂದಳು. ಹೋಗಿ ಬರುತ್ತೇನೆ ಎಂದರೆ ಇವರು ಬಿಡಲಿಲ್ಲ. ‘ಉತ್ತರಾ ಬರೂತನಕ ಹೋಗೂದು ಬ್ಯಾಡ. ಕಣ್ಣು ಹೋತಂತ ಕರುಣಾ ತೋರಿಸಾಕ ಬಂದ್ರು ಅನಕೋತಾನ.’ ನಾನೂ ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಎಂಟು ತಿಂಗಳು ಹೀಗೆ. ಮನೆಯಲ್ಲಿ ಮಾತು ಕಡಿಮೆಯಾಯಿತು, ಸಿಡುಕು ಹೆಚ್ಚಾಯಿತು. ಸಾರಿಗೆ ಉಪ್ಪು ಕಡಿಮೆಯಾದರೂ ನಾನೇ ಕಾರಣ, ಲೋಕಲ್ ರೈಲು ತಡವಾದರೂ ನಾನೇ ಕಾರಣ. ಕೊನೆಗೆ ಒಂದು ದಿನ, ‘ಈ ತಿಂಗಳ ಕೊನೀಗೆ ಬೋರ್ಡು ಬಂದ್ ಮಾಡ್ತೀನಿ. ಮೂವತ್ತು ವರ್ಷದ ಗೆಳ್ಯಾನ ಕ್ಷಮಾ ಮಾಡ್ಲಿಲ್ಲ, ಇನ್ನ ಯಾರಿಗಂತ ಹಂಚೂದು?’ ಎಂದರು. ಆ ಯಂತ್ರ ತೊಲಗಲಿ ಎಂದು ಮೂವತ್ತು ವರ್ಷ ಹರಕೆ ಹೊತ್ತವಳು ನಾನು. ಆದರೂ, ‘ಅವಸರಾ ಮಾಡಬ್ಯಾಡ್ರಿ’ ಎಂದೆ.

ಮರುದಿನ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಇವರ ಫೋನು ಬಡಿದುಕೊಂಡಿತು, ನಾನು ಎತ್ತಿದೆ. ಕಲ್ಯಾಣದ ಯಲ್ಲಾಲಿಂಗ. ರೈಲ್ವೆಯಲ್ಲಿ ಕೆಲಸ, ನಲವತ್ತರ ಆಸುಪಾಸು, ಅವನೂ ಒಂದು ಬೋರ್ಡಿನ ಒಡೆಯ.

‘ಕಾಕೂ, ಒಂದು ಮಾತು ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಸರ್ ನಮ್ಮ ಮ್ಯಾಲ ಮುನಿಸ್ಕೊಂಡಾರೇನ್ರಿ? ಎಂಟು ತಿಂಗಳಾತು, ಒಂದ ಫೈಲೂ ಬಂದಿಲ್ಲ.’

‘ಏನಂದಿ? ವಾರಕ್ಕ ಎರಡು ಕಳಸ್ತಾರಲ್ಲೋ!’

‘ಇಲ್ರಿ ಕಾಕೂ, ಒಂದೂ ಇಲ್ಲ. ನಾವೆಲ್ಲಾ ಮಾತಾಡಿಕೊಂಡ್ವಿ. ಆ ಜಗಳದಾಗ ನಾವು ಯಾರೂ ಸರ್ ಪರ ಮಾತಾಡ್ಲಿಲ್ಲ, ಶಶಿಕಾಂತ ಸರ್ ಕಡೆ ಅದೀವಿ ಅಂತ ಸಿಟ್ಟು ಇರಬೇಕು ಅಂತ. ಕೇಳಾಕ ಯಾರಿಗೂ ಧೈರ್ಯ ಆಗ್ಲಿಲ್ಲ, ಸರ್ ಸ್ವಭಾವ ನಿಮಗ ಗೊತ್ತದಲ್ರಿ.’

ಗೊತ್ತಿಲ್ಲದೆ ಏನು!

ನಾನು ಬಚ್ಚಲಿನ ಬಾಗಿಲು ಬಡಿದೆ. ಇವರು ಮೈಯ ಸಾಬೂನು ಪೂರ್ತಿ ತೊಳೆದುಕೊಳ್ಳದೆ ಟವೆಲು ಸುತ್ತಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತರು. ಹತ್ತು ನಿಮಿಷ ಪರದೆಯ ಮೇಲೆ ಒಂದೊಂದೇ ಚೀಟಿ ತೆಗೆದು ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ಜಗಳಕ್ಕೆ ಸ್ವಲ್ಪ ಮುಂಚೆ ಯಂತ್ರ ಕೆಟ್ಟಿತ್ತು, ಎಲ್ಲ ಹೊಸದಾಗಿ ಜೋಡಿಸಿದ್ದರು. ಆಗ ಚೀಟಿಯ ಮಾದರಿಯನ್ನು ಮತ್ತೆ ಟೈಪು ಮಾಡಲು ಬೇಸರವಾಗಿ, ಎಲ್ಲ ಕಡೆ ಸುತ್ತಿ ಬಂದ ಒಂದು ಹಳೆಯ ಚೀಟಿಯನ್ನೇ ಎತ್ತಿ ಮಾದರಿ ಮಾಡಿದ್ದರು. ಅದರಲ್ಲಿ ‘ಮುಟ್ಟಿದೆ’ ಎಂಬ ಕಡೆ ಎಂಟೂ ಹೆಸರು ಮೊದಲೇ ಕೂತಿದ್ದವು. ಅಂದಿನಿಂದ ಇವರು ಕಳಿಸಿದ ಪ್ರತಿ ಫೈಲಿಗೂ ಅದೇ ಚೀಟಿ. ಯಂತ್ರ ಪ್ರತಿ ಸಲ ನೋಡಿ, ಎಲ್ಲರಿಗೂ ಮುಟ್ಟಿದೆ, ಯಾರಿಗೂ ಕೊಡಬೇಕಿಲ್ಲ ಎಂದು ಸುಮ್ಮನಾಗಿತ್ತು. ಕ್ಷಮೆ ಕೇಳಿದ ಪತ್ರವೂ ನಮ್ಮ ಮಲಗುವ ಕೋಣೆ ದಾಟಿರಲಿಲ್ಲ.

ಎಂಟು ತಿಂಗಳು! ನನಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ, ಸಿಟ್ಟಂತೂ ಬಂತು. ನಲವತ್ತು ನಿಮಿಷದ ಲೋಕಲ್ ಪ್ರಯಾಣ ಸಾಕಿತ್ತು. ಒಂದು ಫೋನು ಸಾಕಿತ್ತು. ಇವರು ಕೇಳಲಿಲ್ಲ, ಅವರು ಕೇಳಲಿಲ್ಲ, ಉಳಿದ ಏಳು ಜನ ಗಂಡಸರು ಇವರ ಮೂಗಿನ ತುದಿಯ ಸಿಟ್ಟಿಗೆ ಹೆದರಿ ಕೂತರು.

ಇವರು ಚೀಟಿ ಸರಿ ಮಾಡಿ ಎಲ್ಲ ಮತ್ತೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಏಳು ಕಡೆ ಮುಟ್ಟಿತು. ಮುಲುಂಡಿಗೆ ಮಾತ್ರ ಹೋಗಲಿಲ್ಲ. ಶಶಿಕಾಂತ ಅವರ ಯಂತ್ರ ಹದಿನೈದು ದಿನದಿಂದ ಚಾಲೂ ಆಗಿಯೇ ಇಲ್ಲ ಎಂದರು.

‘ಹೋಲ್ಡಿನಾಗ ಇಟ್ಟೀನಿ. ಅಂವಾ ಮಷೀನ್ ಚಾಲೂ ಮಾಡಿದಾಗ ತಾನ ತಗೋತದ.’

ಆಗ ನನ್ನ ತಾಳ್ಮೆ ಕೆಟ್ಟಿತು. ‘ಇನ್ನೂ ಎಂಟು ತಿಂಗಳು ಕಾಯ್ತೀರೇನು? ಪ್ರಿಂಟ್ ತಗೀರಿ ಅದನ್ನ. ನೀವು ಬರೂದಿಲ್ಲಂದ್ರ ನಾನ ಹೋಗಿ ಕೊಟ್ಟು ಬರ್ತೀನಿ.’ ಇವರು ಬರಲಿಲ್ಲ. ಮೊದಲು ಅವನು ಓದಲಿ, ಆಮೇಲೆ ಅವನು ಕರೆದರೆ ಬರುತ್ತೇನೆ ಎಂದರು. ಮಾತು ಬೆಳೆಸಲು ನನಗೆ ಶಕ್ತಿ ಇರಲಿಲ್ಲ. ಕಾಗದ ಮಡಿಸಿ ಪರ್ಸಿನಲ್ಲಿಟ್ಟು, ಕುರ್ಲಾದಲ್ಲಿ ಗಾಡಿ ಬದಲಿಸಿ, ನೂಕಾಟದಲ್ಲಿ ಒಂದು ಚಪ್ಪಲಿಯ ಬಾರು ಹರಿದುಕೊಂಡು ಮುಲುಂಡ್ ಮುಟ್ಟಿದೆ. ದಾರಿಯುದ್ದಕ್ಕೂ ಗಂಡಸರ ಕುಲವನ್ನೇ ಬೈದುಕೊಂಡೆ.

ಬಾಗಿಲು ತೆಗೆದ ಸ್ನೇಹಲ್, ‘ಆಂಟಿ, ಬನ್ನಿ... ಪಪ್ಪಾ ಹಾಲ್‌ನಲ್ಲೇ ಇದ್ದಾರೆ’ ಎಂದಳು. ಶಶಿಕಾಂತ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಮುಖ ನನ್ನ ಕಡೆ ತಿರುಗಿತು, ಆದರೆ ನೋಟ ನನ್ನ ಭುಜದ ಆಚೆ ಎಲ್ಲೋ ಹೋಯಿತು.

‘ಯಾರು?’

‘ನಾನ್ರಿ, ಶೈಲಾ. ವಡಾಲದಿಂದ.’

‘ವೈನೀ!’ ಎಂದು ಎದ್ದು ನಿಲ್ಲಲು ಹೋಗಿ ಕುರ್ಚಿಯ ಕೈ ಹಿಡಿದುಕೊಂಡರು. ‘ನೀಲ್ಯಾಗ ಏನರ ಆಗೇದೇನ್ರಿ?’

ಎಂಟು ತಿಂಗಳ ಮೇಲೆ ಮೊದಲ ಪ್ರಶ್ನೆ ಇದು. ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ಇದ್ದಾರೆ ಎಂದೆ. ಚೀಟಿಯ ಕತೆ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕಾಗದ ತೆಗೆದು ಅವರ ಕೈಯಲ್ಲಿಟ್ಟೆ. ಅದನ್ನು ಮುಖದ ಹತ್ತಿರ ಹಿಡಿದು, ದೂರ ಹಿಡಿದು, ಬೆಳಕಿಗೆ ಓರೆ ಮಾಡಿ, ಕೊನೆಗೆ ನನಗೇ ಮರಳಿ ಕೊಟ್ಟರು.

‘ನೀವ ಓದ್ರಿ ವೈನಿ. ಬಲಗಣ್ಣು ಹೋಗಿ ಹದಿನೈದು ದಿನಾತು.’

ಎಂಟು ತಿಂಗಳ ಹಿಂದೆ ಮುಟ್ಟಿದ್ದರೆ ತಾವೇ ಓದಿಕೊಳ್ಳುತ್ತಿದ್ದರು. ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದೆ. ಆ ಪತ್ರವನ್ನು ನಾನೂ ಅದುವರೆಗೆ ನೋಡಿರಲಿಲ್ಲ.

‘ಶಶಿ, ಮಾಟುಂಗದಲ್ಲಿ ಎಲ್ಲರ ಮುಂದೆ ನಾನು ಆಡಿದ ಮಾತು ಕೆಟ್ಟದ್ದು. ನಿನ್ನ ಕಣ್ಣಿನ ವಿಷಯ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವುದಿಲ್ಲ. ಗೊತ್ತಿರದಿದ್ದರೂ ಅದು ಯಾರಿಗೂ ಆಡುವ ಮಾತಲ್ಲ. ಇಷ್ಟು ವರ್ಷ ನನ್ನ ಸಿಟ್ಟನ್ನು ನುಂಗಿಕೊಂಡು ಜೊತೆಗಿದ್ದೆ. ಅದನ್ನು ನಾನು ಒಂದು ದಿನವೂ ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನಿಂದ ತಪ್ಪಾಯಿತು. ಕ್ಷಮಿಸು.’

ಓದಿ ನಿಲ್ಲಿಸಿದೆ. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ‘ನನ್ನಿಂದ ತಪ್ಪಾಯಿತು’ ಎಂಬ ಮಾತನ್ನು ಇವರು ನನಗೆ ಒಂದು ಸಲವೂ ಹೇಳಿದವರಲ್ಲ. ಇವರಿಗೆ ಆ ಮಾತು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಶಶಿಕಾಂತ ಅವರ ಕೆನ್ನೆ ಒದ್ದೆಯಾಗಿತ್ತು. ‘ವೈನಿ, ಇನ್ನೊಮ್ಮೆ ಓದ್ತೀರೇನ್ರಿ?’ ಎಂದರು.

ಓದಿದೆ. ಈ ಸಲ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಓದಿದೆ. ಅದು ಅವರೊಬ್ಬರಿಗಾಗಿ ಅಲ್ಲ.