ಹಗ್ಗದಾಚೆಯ ಹರವಿ

ಅಕ್ಕನನ್ನು ಮುಂಬಯಿಗೆ ಕೊಟ್ಟರು, ನನ್ನನ್ನು ಖಾನಾಪುರದಲ್ಲೇ ಕೊಟ್ಟರು. ಎಪ್ಪತ್ತರ ದಶಕದ ಬೇಸಿಗೆಗಳಲ್ಲೆಲ್ಲ ಅವಳು ತವರಿಗೆ ಬಂದು ಮ್ಯೂಸಿಯಂಗಳ ಪುರಾಣ ಬಿಚ್ಚುತ್ತಿದ್ದಳು. ಅಲ್ಲಿ ನಾಣ್ಯಕ್ಕೊಂದು ಮ್ಯೂಸಿಯಂ ಅಂತೆ, ಗೊಂಬೆಗೊಂದಂತೆ, ಅಡುಗೆಮನೆಯ ಪಾತ್ರೆಗಳಿಗೂ ಒಂದಂತೆ. ಓಣಿಯ ಹೆಂಗಸರು ಬಾಯಿ ತೆರೆದು ಕೇಳುವಾಗ ನಾನು ಕೈಯಲ್ಲಿದ್ದ ಪಾತ್ರೆ ಕುಕ್ಕಿ ಎದ್ದು ಹೋಗುತ್ತಿದ್ದೆ. ನಾನು ನೋಡಿದ್ದೆಂದರೆ ಬೆಳಗಾವಿಯ ಕೋಟೆ, ಅದೂ ಬಸ್ಸಿನ ಕಿಟಕಿಯಿಂದ.

ಅವಳ ಮನೆಯಲ್ಲಿ ಕುಡಿಯುವ ನೀರಿಗೆ ನಲ್ಲಿಯಿರುವ ಸ್ಟೀಲಿನ ಟಾಕಿ ಇದೆಯೆಂದು ಕೇಳಿ, ಹಟಕ್ಕೆ ಬಿದ್ದು ಬೆಳಗಾವಿಯಿಂದ ಅಂಥದ್ದನ್ನೇ ತರಿಸಿದೆ. ಅವ್ವ ಕೊಟ್ಟಿದ್ದ ನೀರಿನ ಹರವಿ, ಮಣ್ಣಿನದಲ್ಲವೇ, ಹಿತ್ತಲಿಗೆ ಹೋಯಿತು.

ಎಂಬತ್ತರ ಇಸವಿ ದಾಟಿದ ಮೇಲೆ, ಆ ಟಾಕಿ ಬಂದ ವರ್ಷವೇ, ನಮ್ಮ ಯಜಮಾನರು ನನ್ನನ್ನು ಮುಂಬಯಿಗೆ ಕಳಿಸಲು ಒಪ್ಪಿದರು. ಮೀರಜದಲ್ಲಿ ಗಾಡಿ ಬದಲಿಸಿ ಹೋದೆ. ಅಕ್ಕ ಗೊಂಬೆ ತೋರಿಸಿದಳು, ನಾಣ್ಯ ತೋರಿಸಿದಳು, ಎಲ್ಲ ತಾನೇ ಮಾಡಿಸಿಟ್ಟವಳ ಹಾಗೆ. ಚೆನ್ನಾಗಿದೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಪಾತ್ರೆಗಳ ಮ್ಯೂಸಿಯಂನಲ್ಲಿ ಹಗ್ಗದ ಆಚೆ ಒಂದು ಹರವಿ ಕೂತಿತ್ತು. ನಮ್ಮೂರಿನದೇ ಮಣ್ಣು, ನಮ್ಮೂರಿನದೇ ಕಂಠ. ನಮ್ಮಲ್ಲಿ ಹರವಿಯನ್ನು ಬಡಿದು ಸಪ್ಪಳ ಕೇಳಿಯೇ ಕೊಳ್ಳುವುದು. ಕೈ ತಾನಾಗಿ ಹೋಯಿತು. ಬೆರಳ ಗೆಣ್ಣಿನಿಂದ ಬಡಿದೆ. ಠಣ್ ಎಂದಿತು. ಕಾವಲಿನವ ಓಡಿಬಂದು ಮರಾಠಿಯಲ್ಲಿ ಬೈಯತೊಡಗಿದ. ಅಕ್ಕನ ಮರ್ಯಾದೆ ಹೋಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ, ಸುಳ್ಳೇಕೆ ಹೇಳಲಿ.

ಅವಳು ನನ್ನ ಸೆರಗು ಹಿಡಿದು, "ಇನ್ನೊಮ್ಮೆ ಬಡಿ" ಅಂದಳು.

ನಾನು ಬಡಿಯಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಕಣ್ಣೊರೆಸಿಕೊಂಡಳು. ಊರಿನ ನೆನಪು ತಡೆಯದಾದಾಗ ಒಬ್ಬಳೇ ಬಂದು ಆ ಹರವಿಯ ಮುಂದೆ ನಿಲ್ಲುತ್ತಾಳಂತೆ. ಮುಟ್ಟುವ ಧೈರ್ಯ ಒಮ್ಮೆಯೂ ಆಗಿರಲಿಲ್ಲವಂತೆ.

"ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚ ನೋಡವಾ. ಅವ್ವನ ಹರವಿ ನೀರು ದಿನಾ ಕುಡೀತಿ."

ಹೂಂ ಅಂದೆ. ಅಕ್ಕ ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುವ ಭಾಗ್ಯವನ್ನು ಕೈಯಾರೆ ಕೆಡಿಸಿಕೊಳ್ಳುವವಳೇ ನಾನು?

ಊರಿಗೆ ಬಂದವಳೇ ಹಿತ್ತಲಿಗೆ ಹೋದೆ. ಹರವಿಯ ತುಂಬ ಎಮ್ಮೆಯ ಮುಸುರೆ. ಬೇಸಿಗೆಗೆ ಅವಳು ಬರುವಷ್ಟರಲ್ಲಿ ಅದು ಅಡುಗೆಮನೆ ಸೇರಬೇಕಿತ್ತು. ಮುಸುರೆ ಚೆಲ್ಲಿ, ಬೂದಿ ಹಚ್ಚಿ ತಿಕ್ಕಿದೆ, ಬಿಸಿಲಿಗಿಟ್ಟೆ, ಮತ್ತೆ ತಿಕ್ಕಿದೆ. ವಾಸನೆ ಹೋಗಲಿಲ್ಲ.