ಎರಡು ಬಾಗಿಲ ನಡುವಿನ ಅಳಿಯ

ನಮ್ಮ ಅತ್ತೆಯನ್ನು, ಅಂದರೆ ನನ್ನ ಹೆಂಡತಿಯ ತಾಯಿಯನ್ನು, ಹಣ್ಣಿನ ಶೆಡ್ಡಿನಲ್ಲಿ ಎಲ್ಲರೂ ಬಾಗಿಲಮ್ಮ ಎಂದೇ ಕರೆಯುತ್ತಾರೆ. ಅದೇ ಶೆಡ್ಡಿಗೆ ನಾನು ಮೇಲ್ವಿಚಾರಕ. ಮನೆಯಲ್ಲಿ ಅವರು ಹೇಳಿದ್ದನ್ನು ನಾನು ಕೇಳಬೇಕು, ಶೆಡ್ಡಿನಲ್ಲಿ ನಾನು ಹೇಳಿದ್ದನ್ನು ಅವರು ಕೇಳಬೇಕು. ಮೊದಲನೆಯದು ತಪ್ಪದೆ ನಡೆಯುತ್ತದೆ.

ಹಿಂದೆ ಅವರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಟಿಕೆಟ್ ತೆಗೆದುಕೊಳ್ಳದ ಸ್ವಂತ ಅಣ್ಣನನ್ನೇ ನಡುದಾರಿಯಲ್ಲಿ ಇಳಿಸಿದ್ದರಂತೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ನನ್ನ ಬೆನ್ನು ಹತ್ತಿದರು. ಕೆಲಸಕ್ಕೆ ಸೇರಿಸಿದವನು ನಾನೇ, ಇನ್ನು ಯಾರನ್ನು ಬೈಯಲಿ?

ಮಾವಿನ ಹಣ್ಣನ್ನು ತೊಳೆದು, ಬಿಸಿನೀರಿನಲ್ಲಿ ಅದ್ದಿ, ಪೆಟ್ಟಿಗೆಗೆ ತುಂಬಿ ಹೊರದೇಶಕ್ಕೆ ಕಳಿಸುವುದು ನಮ್ಮ ಕೆಲಸ. ಅಲ್ಲಿಯವರಿಗೆ ನಮ್ಮ ಹಣ್ಣು ಬೇಕು, ನಮ್ಮ ನೊಣ ಬೇಡ. ಹಣ್ಣಿನೊಳಗೆ ಮೊಟ್ಟೆಯಿಡುವ ಆ ನೊಣ ಒಳಗೆ ಬರಬಾರದೆಂದೇ ಶೆಡ್ಡಿಗೆ ಎರಡು ಬಾಗಿಲು, ನಡುವೆ ಒಂದು ಇಕ್ಕಟ್ಟಾದ ಕೋಣೆ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯಬಾರದು. ನಡುಕೋಣೆಯಲ್ಲಿ ನೊಣ ಕಂಡರಂತೂ ಅದು ಸಾಯುವವರೆಗೂ ಎರಡೂ ತೆರೆಯಬಾರದು. ಬಾಗಿಲು ತೆರೆಯುವ ಗುಂಡಿಗಳೆರಡೂ ಒಳಗೆ ಸ್ಟೂಲಿನ ಮೇಲೆ ಕೂತ ಅತ್ತೆಯ ಕೈಯಲ್ಲಿ. ಒಳಬಾಗಿಲ ಗಾಜಿನಾಚೆ ನಿಂತವರನ್ನು ಅವರು ತಲೆಯಿಂದ ಕಾಲಿನವರೆಗೂ ನೋಡುತ್ತಾರೆ. ಮದುವೆಗೆ ಮುಂಚೆ ನನ್ನನ್ನೂ ಹಾಗೇ ನೋಡಿದ್ದರು.

ಈ ಸಲ ಹಣ್ಣು ಕೊಳ್ಳುವ ದೇಶದಿಂದಲೇ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಅವರು ಒಪ್ಪಿದರೆ ಮಾತ್ರ ನಮ್ಮ ಹಣ್ಣು ಹಡಗು ಹತ್ತಬೇಕು. "ಇವತ್ತು ಏನಾದ್ರೂ ಎಡವಟ್ಟಾದ್ರೆ ನಾಳೆಯಿಂದ ನೀನು ಬೇರೆ ಕೆಲಸ ಹುಡ್ಕೋ," ಎಂದು ಮಾಲೀಕರು ಬೆಳಿಗ್ಗೆಯೇ ನನಗೆ ಹೇಳಿದ್ದರು. ಅಧಿಕಾರಿಯ ಭಾಷೆ ಬರುತ್ತಿದ್ದುದು ನನಗೊಬ್ಬನಿಗೇ. ಹಾಗಾಗಿ ಬಾಯಿ ನನ್ನದು, ಭಯವೂ ನನ್ನದು.

ಅಧಿಕಾರಿ, ಮಾಲೀಕರು, ನಾನು, ಮೂವರೂ ನಡುಕೋಣೆಗೆ ಹೋದೆವು. ಹೊರಬಾಗಿಲು ಮುಚ್ಚಿತು. ಒಳಬಾಗಿಲು ತೆರೆಯಲಿಲ್ಲ.

"ಅತ್ತೆ, ತೆಗೀರಿ," ಎಂದೆ, ಬಾಗಿಲ ಜಾಲರಿಗೆ ಬಾಯಿಟ್ಟು.

"ನಿಮ್ಮ ಜೊತೆ ನೊಣ ಬಂದಿದೆ ಅಳಿಯಂದ್ರೇ. ಅದೋ, ಯಜಮಾನರ ತಲೆ ಮೇಲೆ ಕೂತಿದೆ."

ನಿಜಕ್ಕೂ ಕೂತಿತ್ತು. ಮಾಲೀಕರ ಬೋಳುತಲೆಯ ನಟ್ಟನಡುವೆ, ಆರಾಮವಾಗಿ. ಅವರು ಕೈ ಬೀಸಿದರು, ಹಾರಿತು. ನಾನು ಕೈಯಲ್ಲಿದ್ದ ಫೈಲಿನಿಂದ ಹೊಡೆದೆ, ಅಧಿಕಾರಿಯ ಭುಜಕ್ಕೆ ಬಿತ್ತು.

"ಬಾಗಿಲು ತೆಗೆಸ್ತೀಯೋ, ಕೆಲಸ ಬಿಡ್ತೀಯೋ?" ಮಾಲೀಕರು ಹಲ್ಲು ಕಡಿದು ನನ್ನ ಕಿವಿಯಲ್ಲಿ ಕೇಳಿದರು.

"ಅತ್ತೆ, ಮೇಲ್ವಿಚಾರಕನಾಗಿ ಹೇಳ್ತಿದೀನಿ, ತೆಗೀರಿ. ಒಂದು ನೊಣದಿಂದ ಏನೂ ಮುಳುಗಿಹೋಗಲ್ಲ."

"ಅಳಿಯ ಅಂತ ನಿಮಗೆ ತೆಗೆದ್ರೆ, ನಾಳೆ ಊರಿನ ಅಳಿಯಂದಿರಿಗೆಲ್ಲ ತೆಗೀಬೇಕಾಗುತ್ತೆ. ಮೊದಲು ನೊಣ ಹೊಡೀರಿ," ಎಂದು ಅವರು ಕೈಕಟ್ಟಿ ಕೂತರು. ಬೇಕಂತಲೇ ನನ್ನ ಮರ್ಯಾದೆ ತೆಗೆಯುತ್ತಿದ್ದಾರೆ ಎಂದು ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಅಧಿಕಾರಿಯೇ ಕೋಟು ಬಿಚ್ಚಿ, ಒಂದು ಬೂಟು ಕಳಚಿ, ಅದರಿಂದ ಗೋಡೆಗೆ ಒಂದೇ ಏಟು ಕೊಟ್ಟರು. ಸತ್ತ ನೊಣವನ್ನು ಗಾಜಿಗೆ ಹಿಡಿದು ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು, ನಿಧಾನವಾಗಿ ನೋಡಿ, ಗುಂಡಿ ಒತ್ತಿದರು.

ಬೂಟು ಹಾಕಿಕೊಳ್ಳುತ್ತಲೇ ಅಧಿಕಾರಿ ನನ್ನ ಕಡೆ ತಿರುಗಿ, ಮಾಲೀಕರನ್ನೇ ನಿಲ್ಲಿಸುವಷ್ಟು ಧೈರ್ಯ ಇವರಿಗೆ ಯಾರು ಕೊಟ್ಟರು, ಕೇಳಿ ಎಂದರು. ಕೇಳಿದೆ.

"ಇವರೇ," ಎಂದು ಅತ್ತೆ ನನ್ನನ್ನು ತೋರಿಸಿದರು. "ಸೇರಿದ ದಿನವೇ ಕೂರಿಸ್ಕೊಂಡು ಹೇಳಿದ್ರು, ಯಜಮಾನರೇ ಬರ್ಲಿ, ಕೊನೆಗೆ ನಾನೇ ಬಂದು ಕೈಮುಗಿದ್ರೂ ಸರಿ, ನೊಣ ಇದ್ರೆ ತೆಗೀಬೇಡಿ ಅಂತ. ಈಗ ನನ್ನನ್ನ ಪರೀಕ್ಷೆ ಮಾಡೋಕೆ ತೆಗೀರಿ ಅಂದ್ರು. ಮಗಳನ್ನ ಕೊಟ್ಟಿರೋದು ಮಾತಿಗೆ ತಪ್ಪೋನಿಗಲ್ಲ ಅಂತ ನನಗೆ ಗೊತ್ತಿಲ್ವಾ?"

ಆ ಮಾತನ್ನು ನಾನು ಹೊಸಬರಿಗೆಲ್ಲ ಜಂಬಕ್ಕೆ ಹೇಳುತ್ತೇನೆ. ಅದನ್ನು ನಂಬಿ ನಡೆಯುವವರು ಒಬ್ಬರಿದ್ದಾರೆ ಎಂದು ಹೊಳೆದೇ ಇರಲಿಲ್ಲ. ಅಧಿಕಾರಿಗೆ ಇಷ್ಟನ್ನೇ ಹೇಳಿ ಮುಗಿಸು ಎಂದು ಮಾಲೀಕರು ಕಣ್ಸನ್ನೆ ಮಾಡಿದರು. ಹೇಳಿದೆ. ಅತ್ತೆಯ ಮುಖ ನೋಡಿ ನಾಚಿಕೆಯಾಗಿ, ಅಧಿಕಾರಿಯ ಭಾಷೆಯಲ್ಲೇ, ಪರೀಕ್ಷೆಗಲ್ಲ, ಹೆದರಿ ತೆಗೀರಿ ಅಂದಿದ್ದೆ ಎಂಬುದನ್ನೂ ಸೇರಿಸಿದೆ.

ಅಧಿಕಾರಿ ನಗಲಿಲ್ಲ. ಶೆಡ್ಡೆಲ್ಲ ಸುತ್ತಿ, ಒಪ್ಪಿಗೆ ಬರೆದು, ಕೆಳಗೆ ಇನ್ನೊಂದು ಸಾಲು ಗೀಚಿ ಹೊರಟರು. ಮಾಲೀಕರು ಹಲ್ಲು ಕಿರಿಯುತ್ತಾ ಅವರ ಹಿಂದೆ ಓಡಿದರು.

"ಕೊನೇಲಿ ಏನು ಬರೆದ್ರು?" ಅತ್ತೆ ಕೇಳಿದರು.

"ಬಾಗಿಲು ಭದ್ರವಾಗಿದೆ, ಮೇಲ್ವಿಚಾರಕನ ಮೇಲೆ ಒಂದು ಕಣ್ಣಿಡಿ ಅಂತ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಾಗಾದ್ರೆ ಅದು ಪರೀಕ್ಷೆ ಅಲ್ವಾ?"

"ಅಲ್ಲ ಅತ್ತೆ. ಹೆದರಿಬಿಟ್ಟಿದ್ದೆ."

"ಹೋಗ್ಲಿ ಬಿಡಿ," ಎಂದರು. "ಮಗಳಿಗೆ ಹೇಳಲ್ಲ. ಕಣ್ಣು ಮಾತ್ರ ಇಡ್ತೀನಿ."