ಕೆಂಚಿಯ ಎಡಗೈ

ಬಳ್ಳಾರಿಯ ಕೌಲ್ ಬಜಾರಿನ ಅಸ್ಮಾಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳು ಒಂಬತ್ತು ವರ್ಷದಿಂದ ದುಡಿಯುತ್ತಿರುವ ಜೀನ್ಸ್ ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಅಲ್ಲಿ ಬಟ್ಟೆ ಕತ್ತರಿಸುವ ಮೇಜು ಗಂಡಸರದು, ಗುಂಡಿ ಹಚ್ಚುವುದು, ದಾರ ಕತ್ತರಿಸುವುದು ಹೆಂಗಸರದು. ಅಸ್ಮಾ ಮೇಜಿಗೆ ಬಂದು ನಾಲ್ಕು ವರ್ಷವಾಯಿತು. ಅದಕ್ಕೆ ಮುಂಚಿನ ಐದು ವರ್ಷ ಅವಳು ದನಿ ಇಳಿಸಿಯೇ ಮಾತಾಡಿದ್ದಳು.

ಆ ಭಾನುವಾರ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದಾಗ ಅವಳ ಚೀಲದಲ್ಲಿ ಮಡಿಸಿದ ಒಂದು ಹಾಳೆಯಿತ್ತು. ಮೂರು ವಾರ ಬರೆದು, ಅಳಿಸಿ, ಮತ್ತೆ ಬರೆದ ಹಾಳೆ, ಭಾನುವಾರದ ಆಟಕ್ಕೆ ಅವಳೇ ಕಟ್ಟಿದ ಹೊಸ ಪಾತ್ರದ್ದು. ಹೆಸರು ಕೆಂಚಿ, ಊರು ಹೊಳೆದಂಡೆಯ ಕೆಂಚನಗುಡ್ಡ. ಬಲಗೈಯಲ್ಲಿ ಕತ್ತಿ. ಎಡಗೈ ಖಾಲಿ, ಏಕೆಂದರೆ ಮಂತ್ರ ಹಾಕಲು ಒಂದು ಕೈ ಬಿಡುವಾಗಿರಬೇಕು ಎಂಬುದು ಆಟದ ನಿಯಮ. ಹಾಗಾಗಿ ಗುರಾಣಿ ಇಲ್ಲ. ಸಿಕ್ಕ ಇಪ್ಪತ್ತೇಳು ಅಂಕಗಳನ್ನು ಬಲಕ್ಕೆ, ಬುದ್ಧಿಗೆ, ತಾಳಿಕೆಗೆ ಹಂಚುವುದರಲ್ಲಿ ಅಸ್ಮಾ ಒಂದು ಪೆನ್ಸಿಲ್ ಮುಗಿಸಿದ್ದಳು. ಮಾತಿನ ಚೆಲುವಿಗೆ ಏನೂ ಉಳಿದಿರಲಿಲ್ಲ. ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ.

ಆಟ ನಡೆಸುವವರು ಕುರುಗೋಡಿನ ಹೈಸ್ಕೂಲಿನ ಗಣಿತದ ಮೇಷ್ಟ್ರು ಚಿದಾನಂದಪ್ಪ. ಕತೆ ಅವರದು. ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬಳ್ಳಾರಿಯಿಂದ ಅಸ್ಮಾ ಮತ್ತು ಅವಳ ಗೆಳತಿ ಜಯಶ್ರೀ, ಸಿರುಗುಪ್ಪದಿಂದ ಸಮ್ರಾಟ್ ಬರುತ್ತಿದ್ದರು. ಸಮ್ರಾಟ್ ಅಕ್ಕಿ ಗಿರಣಿಯಲ್ಲಿ ತೂಕದವನು. ಆಟದಲ್ಲಿ ಭರ್ಚಿ, ಗುರಾಣಿ ಹಿಡಿದ ವೀರ.

ಒಂದು ವರ್ಷದಿಂದ ಅಸ್ಮಾ ಆಡುತ್ತಿದ್ದುದು ವೈದ್ಯೆಯ ಪಾತ್ರ. ಎಲ್ಲರ ಹಿಂದೆ ನಿಂತು ಸಮ್ರಾಟನ ಗಾಯ ಮಾಯಿಸುವುದು. ಮೊದಲ ದಿನ ಯಾರೂ ಅವಳನ್ನು ಕೇಳಿರಲಿಲ್ಲ, ವೈದ್ಯೆಯ ಹಾಳೆಯನ್ನು ಮುಂದಿಟ್ಟಿದ್ದರು ಅಷ್ಟೆ.

ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಕೆಂಚಿಯ ಹಾಳೆ ಬಿಚ್ಚಿದಾಗ ಸಮ್ರಾಟ್ ನಕ್ಕ. “ಎರಡು ದೋಣಿ ಮ್ಯಾಗ ಕಾಲಿಟ್ಟಂಗಾತಕ್ಕ. ಕತ್ತಿನೂ ಅರ್ಧ, ಮಂತ್ರನೂ ಅರ್ಧ. ನನ್ನ ಗಾಯ ಯಾರು ನೋಡ್ತಾರ?”

“ನಿಮ್ಮವ್ವ ನೋಡ್ತಾಳ,” ಎಂದಳು ಜಯಶ್ರೀ.

ಚಿದಾನಂದಪ್ಪ ಹಾಳೆಯನ್ನು ಉತ್ತರಪತ್ರಿಕೆ ತಿದ್ದುವಂತೆ ಎರಡು ಸಲ ಓದಿದರು. “ಲೆಕ್ಕ ಸರಿ ಐತಿ ತಂಗಿ. ಆದ್ರ ನಿಲ್ಲತೈತೋ ಇಲ್ಲೋ ಅನುಮಾನ. ಒಂದು ಕಾಳಗ ನೋಡೋಣು. ಕೋಟಿ ಬಾಗಲದಾಗ ಕಲ್ಲಿನ ಕಾವಲುಗಾರ ನಿಂತಾನ. ಕೆಂಚಿ ಅವನ್ನ ಬೀಳಿಸಿದ್ರ ಇರ್ತಾಳ. ಇಲ್ಲಾಂದ್ರ ನೀ ವೈದ್ಯೆನ ಆಡಬೇಕು.”

“ಸಮ್ರಾಟನ ವೀರಗ ಇಂಥಾ ಪರೀಕ್ಷಿ ಇತ್ತೇನ್ರಿ ಸರ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅಸ್ಮಾ ಒಪ್ಪಿದಳು. ಒಪ್ಪಬೇಕಾಗಿ ಬಂದದ್ದಕ್ಕೇ ಅವಳಿಗೆ ಸಿಟ್ಟು ಬಂದಿತ್ತು.

ನೆಲದ ಮೇಲೆ ಹಾಸಿದ್ದ ನಕ್ಷೆ ಅವಳೇ ಗೀರಿದ್ದು, ಕಾರ್ಖಾನೆಯ ಕಂದು ಕಾಗದದ ಮೇಲೆ. ಅದರ ಒಂದೊಂದು ಚೌಕಕ್ಕೆ ಅವರು ಚೌಕಾಬಾರದಲ್ಲಿ ಹೇಳುವಂತೆ ‘ಮನೆ’ ಎನ್ನುತ್ತಿದ್ದರು. ಮೊದಲು ಸಮ್ರಾಟ್ ನಾಲ್ಕು ಮನೆ ದೂರದಿಂದ ಭರ್ಚಿ ಎಸೆದ. ಭರ್ಚಿ ಹೋಗುವುದೇ ನಾಲ್ಕು ಮನೆ. ದಾಳ ಒಲಿಯಿತು, ಕಾವಲುಗಾರನ ಭುಜದ ಕಲ್ಲು ಸಿಡಿಯಿತು. ಜಯಶ್ರೀಯ ಬಾಣ ತಾಗದೆ ಹೋಯಿತು.

ಇನ್ನು ಕೆಂಚಿಯ ಸರದಿ. ಅಸ್ಮಾ ಮೂರು ವಾರ ಹೆಣೆದದ್ದು ಇದನ್ನೇ. ಎಡಗೈಯ ಮಂತ್ರದಿಂದ ನೆಲದ ಬೇರುಗಳನ್ನು ಎಬ್ಬಿಸಿ ಎದುರಾಳಿಯ ಕಾಲು ಕಟ್ಟಬೇಕು. ಕಟ್ಟಿಬಿದ್ದವನ ಮೇಲೆ ಕತ್ತಿ ಬೀಸುವಾಗ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಅರ್ಧ ಮಂತ್ರ, ಅರ್ಧ ಕತ್ತಿ ಒಂದಕ್ಕೊಂದು ಹೆಗಲು ಕೊಡುವುದು ಅಲ್ಲಿ. ಮಂತ್ರ ಮುಟ್ಟುವುದು ಆರು ಮನೆ, ಕಾವಲುಗಾರ ನಿಂತದ್ದು ಐದನೆಯದರಲ್ಲಿ.

“ತಡೀರಿ ಸರ,” ಎಂದ ಸಮ್ರಾಟ್. “ಆಟದ ಪುಸ್ತಕದಾಗ ಒಂದು ಮನಿ ಅಂದ್ರ ಒಂದಿಂಚು. ಕಣ್ಣಳತಿ ಬ್ಯಾಡ. ತೂಕ ಅಂದ್ರ ತೂಕ.” ಅಸ್ಮಾಳ ಚೀಲದ ಮೇಲಿದ್ದ ಅಳತೆಯ ಟೇಪನ್ನೇ ಎತ್ತಿಕೊಂಡು ಕೆಂಚಿಯಿಂದ ಕಾವಲುಗಾರನವರೆಗೆ ಹಿಡಿದ. “ಆರೂಕಾಲು. ಕಾಲಿಂಚು ಕಮ್ಮಿ ಬಿತ್ತಕ್ಕ. ಮಂತ್ರ ಮುಟ್ಟಲಿಲ್ಲ.”

ಮೇಷ್ಟ್ರು ಬಗ್ಗಿ ನೋಡಿದರು. “ಟೇಪ್ ಹಂಗ ಹೇಳ್ತೈತಿ.”

ಅಸ್ಮಾ ನಕ್ಷೆಯನ್ನು ದಿಟ್ಟಿಸಿದಳು. ತಪ್ಪು ಯಾರದೆಂದು ಅವಳಿಗೆ ತಕ್ಷಣ ತಿಳಿಯಿತು. ತಂದೆ ಖಾಜಾಮಿಯಾ ಹನ್ನೆರಡನೆಯ ವಯಸ್ಸಿಗೇ ಕಲಿಸಿದ್ದ ಪಾಠ: ಎಲ್ಲಿ ಗೀರಿದರೂ ಹೊಲಿಗೆಗೆ ಕಾಲಿಂಚು ಮಾರ್ಜಿನ್ ಬಿಡು. ಬಟ್ಟೆಯಲ್ಲದ ಈ ಕಾಗದದ ಮೇಲೂ ಅವಳ ಕೈ ಪ್ರತಿ ಮನೆಗೆ ಕಾಲಿಂಚು ಹೆಚ್ಚು ಬಿಟ್ಟಿತ್ತು. ಕೈತಪ್ಪಿನ ನಾಚಿಕೆಗಿಂತ, ಅದನ್ನು ಅವಳಿಗೊಬ್ಬಳಿಗೇ ಕಟ್ಟುತ್ತಿರುವುದು ಹೆಚ್ಚು ಉರಿಯಿತು.

“ಟೇಪ್ ಇಲ್ಲಿ ಕೊಡಲೇ,” ಎಂದಳು. ದನಿ ಇಳಿದಿತ್ತು. ಜಯಶ್ರೀ ಚಹಾದ ಲೋಟ ಕೆಳಗಿಟ್ಟಳು.

ಅಸ್ಮಾ ಟೇಪನ್ನು ಸಮ್ರಾಟನ ವೀರನಿಂದ ಕಾವಲುಗಾರನವರೆಗೆ ಹಾಸಿದಳು. “ಐದಿಂಚು. ನಿನ್ನ ಭರ್ಚಿ ಹೋಗೋದು ಎಷ್ಟು?”

“ನಾಕು… ಅದು ಆಗಿ ಹೋಗೇತಲ್ಲಕ್ಕ.”

“ಆಗಿ ಹೋಗಿಲ್ಲ. ಮುಟ್ಟೇ ಇಲ್ಲ. ಸರ, ಕಾವಲುಗಾರನ ಭುಜ ತಿರಗ ಕೂಡಸ್ರಿ. ಮನಿ ದೊಡ್ಡು ಗೀರಿದಾಕಿ ನಾನ, ಒಪ್ತೀನಿ. ಆದ್ರ ಅದ ಕಾಗದದ ಮ್ಯಾಗ ನಾಕು ಭಾನುವಾರ ಎಲ್ಲಾರೂ ಮನಿ ಎಣಿಸಿ ಆಡೀವಿ. ಇವನ ಭರ್ಚಿಗೆ ಮನಿ, ನನ್ನ ಮಂತ್ರಕ್ಕ ಟೇಪು?”

ಸಮ್ರಾಟ್ ಕೈ ಬೀಸಿ, “ಹೋಗ್ಲಿ ಬಿಡ್ರಿ ಸರ, ಕೊಟ್ಟುಬಿಡ್ರಿ. ಅಕ್ಕ ಬ್ಯಾಸರ ಮಾಡ್ಕೊಂಡಾಳ,” ಎಂದ.

“ಕೊಡಬ್ಯಾಡ್ರಿ.” ಅಸ್ಮಾಳ ದನಿ ಈಗ ಬೀದಿಯ ಸದ್ದಿನಲ್ಲಿ ಹುದುಗಿಹೋಗುವಷ್ಟು ಸಣ್ಣದಾಗಿತ್ತು. “ಭಿಕ್ಷೆ ಕೇಳಿಲ್ಲ. ನಿಯಮ ಬರೀರಿ. ಮನಿ ಅಂದ್ರ ಮನಿ ಅಂತ ಬರೀರಿ, ಇಲ್ಲಾ ಇಂಚು ಅಂತ ಬರೀರಿ. ಯಾವುದ ಬರದ್ರೂ ಎಲ್ಲಾರಿಗೂ ಬರೀರಿ. ಆಮ್ಯಾಲ ದಾಳ ಹಾಕ್ತೀನಿ.”

ಚಿದಾನಂದಪ್ಪ ಪೆನ್ನಿನ ಟೋಪಿ ತೆಗೆದರು. ಇಪ್ಪತ್ತು ವರ್ಷ ತರಗತಿಯಲ್ಲಿ ತಪ್ಪು ಹಿಡಿದ ಮನುಷ್ಯ, ತನ್ನದನ್ನು ಒಪ್ಪಲು ರೂಢಿ ಸಾಲದು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದು ಗಟ್ಟಿಯಾಗಿ ಓದಿದರು: “ದೂರವನ್ನು ಮನೆಯಲ್ಲೇ ಎಣಿಸತಕ್ಕದ್ದು. ಎಲ್ಲರಿಗೂ.” ತಲೆಯೆತ್ತದೆ, “ನಂದ ತಪ್ಪಾತವ್ವ,” ಎಂದರು.

ಮಂತ್ರದ ದಾಳ ಹದಿನಾರು. ಬೇರುಗಳು ಕಾವಲುಗಾರನ ಕಾಲು ಕಟ್ಟಿದವು, ಕೆಂಚಿ ಕತ್ತಿ ಹಿಡಿದು ಅವನ ಹತ್ತಿರಕ್ಕೆ ನುಗ್ಗಿದಳು. ಅವನು ಬೀಸಿದ ಮುಷ್ಟಿಗೆ, ಗುರಾಣಿ ಇಲ್ಲದ ಕೆಂಚಿಯ ಹನ್ನೆರಡು ಪ್ರಾಣದ ಅಂಕಗಳಲ್ಲಿ ಒಂಬತ್ತು ಹೋದವು. ಸಮ್ರಾಟನ ಭರ್ಚಿ ತಪ್ಪಿತು. ಕತ್ತಿಯ ಮೊದಲ ದಾಳ ನಾಲ್ಕು. ಎರಡನೆಯದು ಹದಿನೆಂಟು. ಕಾವಲುಗಾರ ಬಾಗಿಲಿಗೆ ಅಡ್ಡ ಬಿದ್ದ.

ಜಯಶ್ರೀ ಕೂಗಿದಳು. ಅಸ್ಮಾ ನಗಲಿಲ್ಲ.

“ಕೆಂಚಿ ಇರ್ತಾಳ,” ಎಂದರು ಮೇಷ್ಟ್ರು. “ಒಂದು ಮೆಟ್ಟಿಲು ಏರಿದಳು. ಬಂದ ಒಂದು ಅಂಕ ಕತ್ತಿಗೆ ಹಾಕ್ತಿಯೋ, ಮಂತ್ರಕ್ಕೋ?”

“ಕತ್ತಿಗೆ ಹಾಕಕ್ಕ,” ಎಂದ ಸಮ್ರಾಟ್, ಏನೂ ನಡೆದೇ ಇಲ್ಲದವನಂತೆ. “ನನ್ನ ಮಾತು ಕೇಳು, ಚಲೋ ಆಗ್ತೈತಿ.”

“ನಿನ್ನ ಯಾರು ಕೇಳಿದ್ರು?” ಎಂದಳು ಅಸ್ಮಾ, ಅದೇ ಸಣ್ಣ ದನಿಯಲ್ಲಿ. ಹಾಳೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮಂತ್ರದ ಎದುರಿನ ಒಂದನ್ನು ಅಳಿಸಿ, ಪೆನ್ಸಿಲ್ಲಿನ ಮೊನೆ ಮುರಿಯುವಷ್ಟು ಒತ್ತಿ, ಎರಡು ಎಂದು ಬರೆದಳು.